ಬೀದಿಯ ಮೇಲಿನ ಆಕಾಶ



ಮನೆಯಲ್ಲಿ ಹೈಸ್ಕೂಲು ದಾಟಿದ ಮಗನೋ ಮಗಳೋ ಇದ್ದು, ಪರದೇಶದಲ್ಲೊಬ್ಬ ಸೋದರಮಾವ ಇದ್ದರೆ, ಇವತ್ತಲ್ಲ ನಾಳೆ ಆ ಮನೆಗೊಂದು ಡ್ರೋನ್ ಬಂದೇ ಬರುತ್ತದೆ. ಮೊದಲೆಲ್ಲ ಮಾವಂದಿರು ಚಾಕಲೇಟು, ಸೆಂಟು, ಕೈಗಡಿಯಾರ ತರುತ್ತಿದ್ದರು. ಅಕ್ಕಪಕ್ಕದವರಿಗೆ ಸ್ವಲ್ಪ ಹೊಟ್ಟೆಕಿಚ್ಚಾಗುತ್ತಿತ್ತು, ಅಷ್ಟೆ. ಡ್ರೋನ್ ಬಂದ ಮೇಲೆ ಹಾಗಿಲ್ಲ. ಭಾನುವಾರ ಬೆಳಿಗ್ಗೆ ತಾರಸಿಯ ಮೇಲಿಂದ ಅದು ಸೊಳ್ಳೆಯ ಹಾಗೆ ಗುಂಯ್‌ಗುಟ್ಟುತ್ತ ಎದ್ದಿತೆಂದರೆ ಇಡೀ ಬೀದಿ ಕತ್ತೆತ್ತಿ ನೋಡುತ್ತದೆ. ಎದುರು ಮನೆಯವರು ಸಂಡಿಗೆ ಒಣಹಾಕುವುದನ್ನು ಬಿಟ್ಟು ಒಳಗೆ ಹೋಗುತ್ತಾರೆ. ಮೂಲೆಮನೆಯ ನಿವೃತ್ತರು ಫೋನು ಕೈಗೆತ್ತಿಕೊಳ್ಳುತ್ತಾರೆ.

ಈ ಮಾವಂದಿರಿಗೆ ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ವಿದೇಶದಲ್ಲಿ ತಯಾರಾದ ಡ್ರೋನನ್ನು ಇಡಿಯಾಗಿ ತರುವುದನ್ನೂ, ಬಿಚ್ಚಿಟ್ಟ ಕಟ್ಟಾಗಿ ತಂದು ಇಲ್ಲಿ ಜೋಡಿಸುವುದನ್ನೂ ಕೇಂದ್ರ ಸರ್ಕಾರ 2022ರ ಫೆಬ್ರವರಿ 9ರಂದು ನಿಷೇಧಿಸಿದೆ. ಸಂಶೋಧನೆಗೆ, ರಕ್ಷಣೆಗೆ, ಭದ್ರತೆಗೆ ವಿನಾಯಿತಿ ಉಂಟು. ಅಕ್ಕನ ಮಗನ ಹುಟ್ಟುಹಬ್ಬಕ್ಕೆ ಇಲ್ಲ. ಸೂಟ್‌ಕೇಸಿನಲ್ಲಿ ಬಟ್ಟೆಗಳ ನಡುವೆ ಸುತ್ತಿಟ್ಟು ತಂದದ್ದನ್ನು ಕಸ್ಟಮ್ಸ್‌ನವರು ಎತ್ತಿಟ್ಟುಕೊಂಡರೆ ಅವರ ಮೇಲೆ ಸಿಟ್ಟಾಗಿ ಪ್ರಯೋಜನವಿಲ್ಲ. ನಮ್ಮಲ್ಲೇ ತಯಾರಾದವು ಸಿಗುತ್ತವೆ, ಅವನ್ನು ಕೊಳ್ಳಬಹುದು.

ಇನ್ನು ವಿಷಯಕ್ಕೆ ಬರೋಣ. ಜನ ವಾಸ ಮಾಡುವ ಬೀದಿಯ ಮೇಲೆ, ಬರಿಯ ಖುಷಿಗಾಗಿ ಡ್ರೋನ್ ಹಾರಿಸುವವನಿಗೆ ಎರಡು ಅನುಮತಿ ಬೇಕು. ಒಂದನ್ನು ಕೊಡುವುದು ಸರ್ಕಾರ, ಇನ್ನೊಂದನ್ನು ಕೊಡುವುದು ಬೀದಿ. ಸರ್ಕಾರದ್ದು ಇವತ್ತು ಬಹಳ ಸುಲಭವಾಗಿದೆ. ಬೀದಿಯದ್ದನ್ನು ಕೇಳುವ ರೂಢಿಯೇ ನಮ್ಮಲ್ಲಿ ಹುಟ್ಟಿಲ್ಲ. ನನ್ನ ತಕರಾರು ಇರುವುದು ಅಲ್ಲಿ.

ಸುಲಭವಾಗಿದೆ ಎಂದೆನಲ್ಲ, ಅದನ್ನು ಮೊದಲು ನೋಡೋಣ. 2021ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಡ್ರೋನ್‌ಗಳಿಗೆಂದು ಒಂದು ನಿಯಮಾವಳಿ ತಂದಿತು. ಅದರಲ್ಲಿ 25 ಅರ್ಜಿ ನಮೂನೆಗಳು, 72 ಬಗೆಯ ಶುಲ್ಕಗಳು. ಅದನ್ನು ಓದಿ ಮುಗಿಸುವಷ್ಟರಲ್ಲಿ ಬ್ಯಾಟರಿ ತಾನಾಗಿ ಇಳಿದುಹೋಗುತ್ತಿತ್ತು. ಎಲ್ಲ ಕಡೆಯಿಂದ ಗೊಣಗಾಟ ಎದ್ದಿತು. ಐದೇ ತಿಂಗಳಲ್ಲಿ, ಆಗಸ್ಟ್ 25ರಂದು, ಅದನ್ನು ಬದಿಗಿಟ್ಟು 'ಡ್ರೋನ್ ನಿಯಮಗಳು, 2021' ಬಂದವು. ನಮೂನೆಗಳು 5ಕ್ಕೆ ಇಳಿದವು, ಶುಲ್ಕದ ಬಗೆಗಳು 4ಕ್ಕೆ. ಸರ್ಕಾರಿ ಕಾಗದಪತ್ರ ಇಷ್ಟು ಬೇಗ ತೆಳ್ಳಗಾದದ್ದನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ.

ಈ ನಿಯಮಗಳು ಮೊದಲು ಕೇಳುವುದು ಡ್ರೋನಿನ ತೂಕವನ್ನು. ಅದರ ಬೆಲೆ, ಕ್ಯಾಮೆರಾ, ವೇಗ ಯಾವುದೂ ಇಲ್ಲಿ ಲೆಕ್ಕಕ್ಕಿಲ್ಲ. 250 ಗ್ರಾಂವರೆಗಿನದು ನ್ಯಾನೊ. ಅದರಾಚೆ 2 ಕಿಲೋವರೆಗಿನದು ಮೈಕ್ರೊ. 25 ಕಿಲೋವರೆಗೆ ಸಣ್ಣದು, ಮುಂದೆ ಮಧ್ಯಮ, ದೊಡ್ಡದು. ಹವ್ಯಾಸಿಗಳಿಗೆ ಸಂಬಂಧಪಟ್ಟವು ಮೊದಲ ಎರಡು. ನ್ಯಾನೊ ಹಾರಿಸುವವನಿಗೆ ಪೈಲಟ್ ಪ್ರಮಾಣಪತ್ರ ಬೇಡ, ವಿಮೆಯ ಕಡ್ಡಾಯವೂ ಇಲ್ಲ. ಮೈಕ್ರೊವನ್ನು ಹಣಕ್ಕಲ್ಲದೆ ಖುಷಿಗೆ ಹಾರಿಸುವವನಿಗೂ ಪ್ರಮಾಣಪತ್ರ ಬೇಡ. ಆದರೆ ಡ್ರೋನನ್ನು ನೋಂದಾಯಿಸಿ ಅದರದೇ ಒಂದು ವಿಶಿಷ್ಟ ಸಂಖ್ಯೆ ಪಡೆಯಬೇಕು, ಮೂರನೆಯವರಿಗೆ ಪೆಟ್ಟಾದರೆ ಪರಿಹಾರ ಕೊಡುವ ವಿಮೆ ಮಾಡಿಸಬೇಕು. ನೋಂದಣಿಯ ಶುಲ್ಕ 100 ರೂಪಾಯಿ. ಮೊದಲು ಪಾಸ್‌ಪೋರ್ಟ್ ಕೇಳುತ್ತಿದ್ದರು. 2024ರ ಆಗಸ್ಟಿನಿಂದ ಸರ್ಕಾರ ಕೊಟ್ಟ ಬೇರೆ ಗುರುತಿನ ಚೀಟಿ, ವಿಳಾಸದ ದಾಖಲೆ ಇದ್ದರೂ ನಡೆಯುತ್ತದೆ.

ತೂಕದ ವಿಚಾರದಲ್ಲಿ ಒಂದು ತಮಾಷೆ ಇದೆ. ಅಂಗಡಿಯಲ್ಲಿ ಸಿಗುವ ಚಿಕ್ಕ ಡ್ರೋನ್‌ಗಳ ಪೆಟ್ಟಿಗೆಯ ಮೇಲೆ ಸಾಮಾನ್ಯವಾಗಿ 249 ಗ್ರಾಂ ಎಂದು ಅಚ್ಚಾಗಿರುತ್ತದೆ. ಅನೇಕ ದೇಶಗಳ ಕಾನೂನು ಇದೇ 250ರ ಗೆರೆ ಎಳೆದಿರುವುದರಿಂದ ತಯಾರಕರು ಒಂದು ಗ್ರಾಂ ಈಚೆ ನಿಂತುಬಿಟ್ಟಿದ್ದಾರೆ. ಒಳ್ಳೆಯದೇ. ಆದರೆ ಮಕ್ಕಳಿರುವ ಮನೆ ಎಂದು ನೀವು ರೆಕ್ಕೆಗಳ ಸುತ್ತ ರಕ್ಷಣೆಯ ಬಳೆ ಹಾಕಿಸಿದಿರಿ, ಹೆಚ್ಚು ಹೊತ್ತು ಹಾರಲಿ ಎಂದು ದೊಡ್ಡ ಬ್ಯಾಟರಿ ತೊಡಿಸಿದಿರಿ ಎನ್ನಿ. ಕಾನೂನು ನೋಡುವುದು ಇವೆಲ್ಲ ಸೇರಿದ ಒಟ್ಟು ತೂಕವನ್ನು. ಪೆಟ್ಟಿಗೆಯಲ್ಲಿ ನ್ಯಾನೊ ಆಗಿದ್ದದ್ದು ತಾರಸಿಗೆ ಬರುವಷ್ಟರಲ್ಲಿ ಮೈಕ್ರೊ ಆಗಿರುತ್ತದೆ. ಹಾರಿಸುವ ಹಾಗೆಯೇ ಸಜ್ಜುಮಾಡಿ ಒಮ್ಮೆ ದಿನಸಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲಿಟ್ಟು ನೋಡಿ. ಅಂಗಡಿಯವರು ನಗಬಹುದು, ಚಿಂತೆಯಿಲ್ಲ.

ಮದುವೆಯ ವಿಡಿಯೊ ತೆಗೆಯುವವರಿಗೆ ಪ್ರಮಾಣಪತ್ರದ ರಿಯಾಯಿತಿ ಪೂರ್ತಿ ಸಲ್ಲುವುದಿಲ್ಲ. ದುಡ್ಡು ತೆಗೆದುಕೊಂಡು ಹಾರಿಸಿದರೆ ನ್ಯಾನೊದ ಮೇಲಿನ ಎಲ್ಲಕ್ಕೂ ಪೈಲಟ್ ಪ್ರಮಾಣಪತ್ರ ಬೇಕು. ಅದಕ್ಕೆ 18ರಿಂದ 65ರೊಳಗಿನ ವಯಸ್ಸು, ಎಸ್ಸೆಸ್ಸೆಲ್ಸಿ ಪಾಸು, ಮಾನ್ಯತೆ ಪಡೆದ ಸಂಸ್ಥೆಯಲ್ಲಿ ತರಬೇತಿ. ಛತ್ರದ ಮುಂದೆ ಮುಹೂರ್ತದ ಗಡಿಬಿಡಿಯಲ್ಲಿ ಯಾರೂ ಇದನ್ನು ಕೇಳುವುದಿಲ್ಲ. ಹುಡುಗಿಯ ತಂದೆಯೋ ಹುಡುಗನ ತಂದೆಯೋ ಮುಂಗಡ ಕೊಡುವಾಗಲೇ ಕೇಳುವುದು ವಾಸಿ, ಏಕೆಂದರೆ ಡ್ರೋನ್ ಹಾರುವುದು ಅವರ ನೆಂಟರ ತಲೆಯ ಮೇಲೆ.

ತೂಕದ ನಂತರ ಜಾಗ. ಕೇಂದ್ರ ವಿಮಾನಯಾನ ಸಚಿವಾಲಯ 2021ರ ಸೆಪ್ಟೆಂಬರ್ 24ರಂದು ದೇಶದ ಆಕಾಶದ ನಕ್ಷೆಯೊಂದನ್ನು 'ಡಿಜಿಟಲ್ ಸ್ಕೈ' ಎಂಬ ತಾಣದಲ್ಲಿ ಇಟ್ಟಿತು. ಹಸಿರು, ಹಳದಿ, ಕೆಂಪು. ಹಸಿರಿನಲ್ಲಿ 400 ಅಡಿ, ಅಂದರೆ 120 ಮೀಟರ್ ಎತ್ತರದವರೆಗೆ ಯಾರ ಅನುಮತಿಯೂ ಬೇಡ. ಹಳದಿಯಲ್ಲಿ ವಾಯು ಸಂಚಾರ ನಿಯಂತ್ರಣದವರನ್ನು ಕೇಳಬೇಕು. ಕೆಂಪಿನಲ್ಲಿ ಕೇಂದ್ರ ಸರ್ಕಾರವೇ ಒಪ್ಪಬೇಕು. ವಿಮಾನ ನಿಲ್ದಾಣದ ಅಂಚಿನಿಂದ 8 ಕಿಲೋಮೀಟರ್ ಆಚೆ, 12 ಕಿಲೋಮೀಟರ್ ಒಳಗೆ ಇರುವ ಪಟ್ಟಿಯಲ್ಲಿ ಹಸಿರು ಇರುವುದು 200 ಅಡಿಯವರೆಗೆ ಮಾತ್ರ. ಹಿಂದೆ ನಿಲ್ದಾಣದ ಸುತ್ತಲಿನ ಹಳದಿ ವಲಯ 45 ಕಿಲೋಮೀಟರ್‌ವರೆಗೂ ಚಾಚಿತ್ತು. ಆ ಲೆಕ್ಕದಲ್ಲಿ ಬೆಂಗಳೂರಿನವರು ಡ್ರೋನ್ ಹಾರಿಸುವುದಕ್ಕೆ ಊರು ಬಿಟ್ಟೇ ಹೋಗಬೇಕಿತ್ತು.

ಈಗಲೂ ಬೆಂಗಳೂರಿನ ನಕ್ಷೆ ನೋಡಿದರೆ ಎದೆ ಸ್ವಲ್ಪ ಕುಸಿಯುತ್ತದೆ. ಉತ್ತರಕ್ಕೆ ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣ. ಅಲ್ಲಿಂದ ಇತ್ತ ಬಂದರೆ ಯಲಹಂಕದ ವಾಯುನೆಲೆ. ಅದರ ನೆರೆಯಲ್ಲೇ ಜಕ್ಕೂರು, ಸರ್ಕಾರಿ ವೈಮಾನಿಕ ಶಾಲೆಯ ಹುಡುಗರು ಪುಟ್ಟ ವಿಮಾನಗಳಲ್ಲಿ ಹಾರಲು ಕಲಿಯುವ ಜಾಗ. ಪೂರ್ವಕ್ಕೆ ಎಚ್‌ಎಎಲ್. ಪ್ರಯಾಣಿಕರ ವಿಮಾನಗಳು 2008ರಲ್ಲೇ ದೇವನಹಳ್ಳಿಗೆ ಹೋದವಲ್ಲ, ಹಳೇ ಏರ್‌ಪೋರ್ಟಿನಲ್ಲಿ ಈಗ ಏನಿದೆ ಎಂದು ಕೇಳುವವರು ಬಹಳ ಜನ. ಬೇಕಾದಷ್ಟಿದೆ. ತೇಜಸ್ ಯುದ್ಧವಿಮಾನ ಪರೀಕ್ಷೆಗೆ ಹಾರುವುದು ಅಲ್ಲಿಂದ, ಹೆಲಿಕಾಪ್ಟರುಗಳು ಏಳುವುದು ಅಲ್ಲಿಂದ, ಗಣ್ಯರ ವಿಮಾನಗಳು ಇಳಿಯುವುದು ಅಲ್ಲಿ. ಆದ್ದರಿಂದ ಇಂದಿರಾನಗರದ, ಮಾರತ್ತಹಳ್ಳಿಯ ತಾರಸಿಗಳು ಹಸಿರಿನ ಲೆಕ್ಕಕ್ಕೆ ಬರುವುದಿಲ್ಲ. ಮೈಸೂರಿನ ದಕ್ಷಿಣದ ಬಡಾವಣೆಗಳಿಗೆ ಮಂಡಕಳ್ಳಿ ನಿಲ್ದಾಣ ಹತ್ತಿರ. ಶಿವಮೊಗ್ಗದವರಿಗೆ 2023ರ ಫೆಬ್ರವರಿಯವರೆಗೆ ಈ ಚಿಂತೆಯೇ ಇರಲಿಲ್ಲ. ಸೋಗಾನೆಯಲ್ಲಿ ನಿಲ್ದಾಣ ತೆರೆದ ಮೇಲೆ ಅವರ ಆಕಾಶಕ್ಕೂ ಬಣ್ಣ ಬಂತು. ಕಾರವಾರದ ನೌಕಾನೆಲೆ, ಕೈಗಾದ ಅಣು ವಿದ್ಯುತ್ ಸ್ಥಾವರದ ಸುತ್ತ ಡ್ರೋನ್ ಎತ್ತುವ ಯೋಚನೆಯನ್ನೇ ಬಿಡಬೇಕು. ಬಂಡೀಪುರ, ನಾಗರಹೊಳೆಯ ಕಡೆ ಹೋದವರು ಅರಣ್ಯ ಇಲಾಖೆಯನ್ನು ಕೇಳದೆ ಚೀಲ ಬಿಚ್ಚಬಾರದು.

ನಿನ್ನೆ ಹಸಿರಾಗಿದ್ದದ್ದು ಇವತ್ತು ಕೆಂಪಾಗಿರಬಹುದು ಎಂಬುದನ್ನೂ ಮರೆಯಬಾರದು. ರಾಜ್ಯ ಸರ್ಕಾರವಾಗಲಿ ಪೊಲೀಸರಾಗಲಿ ಅಗತ್ಯ ಬಿದ್ದರೆ ಒಂದು ಜಾಗವನ್ನು ಒಮ್ಮೆಗೆ 96 ಗಂಟೆಗಳವರೆಗೆ ತಾತ್ಕಾಲಿಕ ಕೆಂಪು ವಲಯ ಎಂದು ಘೋಷಿಸಬಹುದು. ಎಸ್.ಪಿ. ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ಸಾಕು. ಪ್ರಧಾನಿ ಬರುವ ದಿನ, ಏರೋ ಇಂಡಿಯಾ ನಡೆಯುವ ದಿನ, ದೊಡ್ಡ ಮೆರವಣಿಗೆಯ ದಿನ. ಮೈಸೂರಿನ ಬನ್ನಿಮಂಟಪದಲ್ಲಿ ದಸರೆಗೆ ಡ್ರೋನ್ ಪ್ರದರ್ಶನ ನೋಡಿ ಬಂದ ಹುಡುಗ ಮಾರನೆಯ ದಿನ ತನ್ನದನ್ನೂ ತೆಗೆದು ಹಾರಿಸಬೇಕೆನ್ನುವುದು ಸಹಜ. ಅಲ್ಲಿ ಹಾರಿದವು ಒಪ್ಪಿಗೆ ಪಡೆದು, ಮೈದಾನ ಬಿಗಿ ಮಾಡಿ, ಪಳಗಿದವರು ಹಾರಿಸಿದವು ಎಂದು ಅವನಿಗೆ ತಿಳಿಸಿ ಹೇಳಬೇಕಾದವರು ಮನೆಯ ದೊಡ್ಡವರು. ನಿಯಮ ಮುರಿದರೆ ದಂಡ 1 ಲಕ್ಷ ರೂಪಾಯಿವರೆಗೆ ಹೋಗುತ್ತದೆ. ಅದು ಹುಡುಗನ ಜೇಬಿನಿಂದ ಬರುವ ಹಣವಲ್ಲ.

ಈಗ ತಾರಸಿಗೆ ಬರೋಣ. ನಮ್ಮ ಮನೆಗಳ ತಾರಸಿ ಡ್ರೋನ್ ಹಾರಿಸುವುದಕ್ಕೆ ಹೇಳಿಮಾಡಿಸಿದ ಜಾಗ ಎಂದು ಎಲ್ಲರೂ ಭಾವಿಸುತ್ತಾರೆ. ಅದರಷ್ಟು ಕೆಟ್ಟ ಜಾಗ ಇನ್ನೊಂದಿಲ್ಲ. ಡ್ರೋನಿನೊಳಗೆ ಒಂದು ದಿಕ್ಸೂಚಿ ಇರುತ್ತದೆ. ಕಾಲ ಕೆಳಗೆ ಆರ್‌ಸಿಸಿ, ಅದರೊಳಗೆ ಕಬ್ಬಿಣದ ಸರಳು. ಪಕ್ಕದಲ್ಲಿ ನೀರಿನ ಟ್ಯಾಂಕಿನ ಕಬ್ಬಿಣದ ಸ್ಟ್ಯಾಂಡು, ಜಿಂಕ್ ಶೀಟು, ಸೋಲಾರ್ ಹೀಟರಿನ ಚೌಕಟ್ಟು. ಇಷ್ಟು ಲೋಹದ ನಡುವೆ ದಿಕ್ಸೂಚಿ ಉತ್ತರವನ್ನು ತಪ್ಪಾಗಿ ತಿಳಿಯುತ್ತದೆ. ಎದ್ದ ಕೂಡಲೇ ಡ್ರೋನ್ ನೆಟ್ಟಗೆ ನಿಲ್ಲದೆ ಸುತ್ತುಸುತ್ತಾಗಿ ಜಾರತೊಡಗಿದರೆ ಕಾರಣ ಬಹುಮಟ್ಟಿಗೆ ಇದೇ. ಪರದೆಯ ಮೇಲೆ ದಿಕ್ಸೂಚಿಯ ಎಚ್ಚರಿಕೆ ಕಂಡರೆ ಅದನ್ನು ಒತ್ತಿ ಕಳಿಸದೆ, ಕೆಳಗಿಳಿದು ಮಣ್ಣು ನೆಲವಿರುವ ಮೈದಾನಕ್ಕೆ ಹೋಗಬೇಕು.

ಎರಡನೆಯದು, ಮನೆಗೆ ಮರಳುವ ಎತ್ತರ. ರಿಮೋಟಿನ ಸಂಪರ್ಕ ಕಡಿದರೆ, ಅಥವಾ ಬ್ಯಾಟರಿ ಇಳಿದರೆ, ಈಗಿನ ಡ್ರೋನ್‌ಗಳು ತಾವಾಗಿ ಹೊರಟ ಜಾಗಕ್ಕೆ ಹಿಂದಿರುಗುತ್ತವೆ. ಎಷ್ಟು ಎತ್ತರಕ್ಕೆ ಏರಿ ಹಿಂದಿರುಗಬೇಕು ಎಂಬುದನ್ನು ನಾವೇ ಗೊತ್ತುಮಾಡಿಡಬೇಕು. ಪೆಟ್ಟಿಗೆಯಿಂದ ತೆಗೆದಾಗ ಇದ್ದ ಅಂಕಿಯನ್ನೇ ಬಿಟ್ಟವರ ಡ್ರೋನ್ ನೇರವಾಗಿ ಬಂದು ಪಕ್ಕದ ಬೀದಿಯ ಅಪಾರ್ಟ್‌ಮೆಂಟಿನ ಏಳನೇ ಮಹಡಿಗೆ ಬಡಿಯುತ್ತದೆ. ಹೊರಡುವ ಮುನ್ನ ಸುತ್ತ ಒಂದು ಕಣ್ಣು ಹಾಯಿಸಿ, ಅತಿ ಎತ್ತರದ ಕಟ್ಟಡ, ತೆಂಗಿನ ಮರ, ಮೊಬೈಲ್ ಟವರು ಯಾವುದು ನೋಡಿ, ಅದಕ್ಕಿಂತ ಮೇಲಿನ ಅಂಕಿ ಹಾಕಬೇಕು. ಅದು ನಿಮ್ಮ ಜಾಗದ ಮಿತಿಯನ್ನು, 120 ಮೀಟರನ್ನೋ 60 ಮೀಟರನ್ನೋ, ದಾಟುವ ಹಾಗಿದ್ದರೆ ಅಲ್ಲಿ ಹಾರಿಸಲೇಬಾರದು.

ತಂತಿಗಳು ಕ್ಯಾಮೆರಾದಲ್ಲಿ ಕಾಣುವುದಿಲ್ಲ. ವಿದ್ಯುತ್ ತಂತಿ, ಕೇಬಲ್ ಟಿವಿಯ ತಂತಿ, ಕಂಬದಿಂದ ಕಂಬಕ್ಕೆ ಜೋತುಬಿದ್ದ ಇಂಟರ್‌ನೆಟ್ ತಂತಿ, ಸಂಕ್ರಾಂತಿಯೋ ಆಷಾಢವೋ ಕಳೆದ ಮೇಲೆ ಮರದಲ್ಲಿ ಸಿಕ್ಕಿಕೊಂಡ ಗಾಳಿಪಟದ ದಾರ. ಆಷಾಢ ಎಂದೆ; ಆ ತಿಂಗಳ ಗಾಳಿಯ ಲೆಕ್ಕ ಬೇರೆಯೇ. ಕೆಳಗೆ ಎಲೆ ಅಲುಗದಿದ್ದರೂ ಐವತ್ತು ಮೀಟರ್ ಮೇಲೆ ಜೋರಾಗಿ ಬೀಸುತ್ತಿರುತ್ತದೆ. ಗಾಳಿಯ ಜೊತೆಗೆ ಹೋಗುವಾಗ ಖುಷಿ, ಗಾಳಿಗೆದುರಾಗಿ ಬರುವಾಗ ಕಾಲು ಕಿಲೋದ ಯಂತ್ರ ಏದುಸಿರು ಬಿಡುತ್ತದೆ, ಬ್ಯಾಟರಿ ಅರ್ಧ ದಾರಿಯಲ್ಲೇ ಮುಗಿಯುತ್ತದೆ. ಅನುಭವಸ್ಥರು ಮೊದಲು ಗಾಳಿಗೆದುರಾಗಿ ಹೊರಟು, ಮರಳುವಾಗ ಗಾಳಿಯ ಸಹಾಯ ಪಡೆಯುತ್ತಾರೆ. ಹದ್ದುಗಳ ವಿಚಾರವೂ ಇದೆ. ಬೆಂಗಳೂರಿನ ಆಕಾಶದಲ್ಲಿ ಹದ್ದುಗಳಿಗೆ ಬರವಿಲ್ಲ. ಗೂಡು ಕಟ್ಟಿದ ಹದ್ದು ಡ್ರೋನನ್ನು ತನ್ನ ಮರಿಗಳ ಶತ್ರು ಎಂದೇ ಭಾವಿಸಿ ಎರಗುತ್ತದೆ. ಅದು ಸುತ್ತು ಹಾಕಲು ಶುರುಮಾಡಿದರೆ ವಿಡಿಯೊ ಚೆನ್ನಾಗಿ ಬರುತ್ತದೆಂದು ಕಾಯದೆ ಇಳಿಸಿಬಿಡಿ. ಹಕ್ಕಿಗೆ ರೆಕ್ಕೆ ಮುರಿದರೆ ನೋಂದಣಿ ಸಂಖ್ಯೆಯಿಂದ ಅದಕ್ಕೇನೂ ಉಪಯೋಗವಿಲ್ಲ.

ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಹಾರಿಸಬೇಕು ಎಂಬ ನಿಯಮವನ್ನು ಹುಡುಗರು ಗೇಲಿ ಮಾಡುತ್ತಾರೆ. ಪರದೆಯಲ್ಲಿ ಎಲ್ಲ ಕಾಣುತ್ತದಲ್ಲ ಎನ್ನುತ್ತಾರೆ. ಪರದೆಯಲ್ಲಿ ಕಾಣುವುದು ಡ್ರೋನಿನ ಮುಂದೆ ಇರುವುದು. ಮೇಲಿನಿಂದ, ಪಕ್ಕದಿಂದ, ಹಿಂದಿನಿಂದ ಏನು ಬರುತ್ತಿದೆ ಅದಕ್ಕೆ ಗೊತ್ತಾಗುವುದಿಲ್ಲ. 2025ರ ಜನವರಿಯಲ್ಲಿ ಅಮೆರಿಕದ ಲಾಸ್ ಏಂಜಲಿಸ್‌ನಲ್ಲಿ ಬೆಂಕಿ ಊರೂರನ್ನೇ ನುಂಗುತ್ತಿದ್ದಾಗ, ಒಬ್ಬಾತ ವಾಹನ ನಿಲುಗಡೆಯ ಕಟ್ಟಡದ ಮೇಲಿಂದ ಬೆಂಕಿ ನೋಡಲೆಂದು ಡ್ರೋನ್ ಬಿಟ್ಟ. ಅದು ಎರಡೂವರೆ ಕಿಲೋಮೀಟರ್ ಹೋಯಿತು, ಕಣ್ಣಿಗೆ ಮರೆಯಾಯಿತು. ಬೆಂಕಿಗೆ ನೀರು ಸುರಿಯಲು ಕೆನಡಾದ ಕ್ವಿಬೆಕ್‌ನಿಂದ ಬಂದಿದ್ದ ವಿಮಾನದ ರೆಕ್ಕೆಗೆ ಹೊಡೆದು ತೂತು ಮಾಡಿತು. ವಿಮಾನ ಸುರಕ್ಷಿತವಾಗಿ ಇಳಿದರೂ ದುರಸ್ತಿಗೆಂದು ಕೆಲವು ದಿನ ನೆಲದ ಮೇಲೆ ನಿಲ್ಲಬೇಕಾಯಿತು. ಮನೆಗಳು ಉರಿಯುತ್ತಿದ್ದ ದಿನಗಳವು. ಆತ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡ. ಯಾರಿಗೂ ಕೆಡುಕು ಬಯಸಿದವನಲ್ಲ. ನೋಡುವ ಚಪಲ ಒಂದೇ.

ಇನ್ನು ಎರಡನೆಯ ಅನುಮತಿ, ಬೀದಿಯದು. ಇಲ್ಲಿ ಮಾತು ಕ್ಯಾಮೆರಾಕ್ಕೆ ಬರುತ್ತದೆ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಅವರು ದಾವೆ ಹೂಡಿದ್ದು ಆಧಾರ್ ವಿಚಾರವಾಗಿ, ಸರ್ಕಾರದ ವಿರುದ್ಧ. ಆದರೆ ಆ ತೀರ್ಪಿನ ನೆರಳು ಎಲ್ಲ ಕಡೆ ಬೀಳುತ್ತದೆ. ಅಕ್ಕಪಕ್ಕದ ಮನೆಯವರ ನಡುವೆ ಏನಾದರೂ ಆದರೆ ಹಿಡಿಯುವುದು ಬೇರೆ ಕಾನೂನುಗಳು. ಹೆಂಗಸೊಬ್ಬಳು ಖಾಸಗಿಯಾಗಿರುವಾಗ ಇಣುಕಿ ನೋಡಿದರೆ, ಚಿತ್ರ ತೆಗೆದರೆ ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂ; ಮೊದಲ ಸಲಕ್ಕೆ ಒಂದರಿಂದ ಮೂರು ವರ್ಷ ಜೈಲು. ಯಾರದೇ ದೇಹದ ಖಾಸಗಿ ಭಾಗದ ಚಿತ್ರವನ್ನು ಒಪ್ಪಿಗೆಯಿಲ್ಲದೆ ತೆಗೆದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಂ. ಮೂರು ವರ್ಷದವರೆಗೆ ಜೈಲು, ಇಲ್ಲವೇ 2 ಲಕ್ಷದವರೆಗೆ ದಂಡ, ಅಥವಾ ಎರಡೂ.

ಇವು ಕೆಟ್ಟ ಬುದ್ಧಿಯವರಿಗೆ. ನಮ್ಮ ಬೀದಿಗಳಲ್ಲಿ ನಡೆಯುವ ಜಗಳಗಳಲ್ಲಿ ಹೆಚ್ಚಿನವು ಈ ಕಲಮುಗಳ ಒಳಗೆ ಬರುವುದೇ ಇಲ್ಲ. ಎಣ್ಣೆ ಸ್ನಾನ ಮಾಡಿ ತಾರಸಿಯಲ್ಲಿ ತಲೆ ಒಣಗಿಸಿಕೊಳ್ಳುತ್ತ ಕುಳಿತ ಅಕ್ಕ, ಬನಿಯನ್ನಿನಲ್ಲೇ ಗಿಡಕ್ಕೆ ನೀರು ಹಾಕುವ ತಾತ, ಫೋನು ಹಿಡಿದು ಯಾರ ಜೊತೆಗೋ ಗುಟ್ಟಾಗಿ ಮಾತಾಡಲು ಮೇಲೆ ಬಂದ ಕಾಲೇಜು ಹುಡುಗಿ. ಇವರ ತಲೆಯ ಮೇಲೆ ಡ್ರೋನ್ ನಿಂತರೆ ಅಪರಾಧ ಆಗದಿರಬಹುದು. ಆದರೆ ಆ ಮೂವರೂ ಇನ್ನೊಂದು ವಾರ ತಾರಸಿಗೆ ಬರುವುದಿಲ್ಲ. ಕೆಳಗೆ ನಿಂತವರಿಗೆ ಕ್ಯಾಮೆರಾ ಓಡುತ್ತಿದೆಯೋ ಇಲ್ಲವೋ ತಿಳಿಯುವ ದಾರಿಯಿಲ್ಲ. 'ನಾನು ರೆಕಾರ್ಡೇ ಮಾಡಿರಲಿಲ್ಲ ಆಂಟಿ' ಎಂದು ಹುಡುಗ ಆಣೆ ಮಾಡಿ ಹೇಳಿದರೂ ಅವರು ನಂಬಬೇಕಾದ ಕಾರಣವಿಲ್ಲ. ಪೇಟೆಯ ಮನೆಗಳಲ್ಲಿ ತಾರಸಿ ಎಂದರೆ ಹಿತ್ತಲು ಕಳೆದುಕೊಂಡವರ ಹಿತ್ತಲು. ಅದರ ಮೇಲೆ ಯಾರೋ ಕಣ್ಣಿಡುತ್ತಿದ್ದಾರೆ ಎಂಬ ಅನುಮಾನವೇ ಸಾಕು, ಅದು ಹಿತ್ತಲಾಗಿ ಉಳಿಯುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಇದಕ್ಕೆ ಉತ್ತರ ನನಗೆ ಸಿಕ್ಕಿದ್ದು ಸರ್ಕಾರಿ ಯೋಜನೆಯೊಂದರಲ್ಲಿ. 2020ರ ಏಪ್ರಿಲ್ 24ರಂದು ಕೇಂದ್ರ ಸರ್ಕಾರ 'ಸ್ವಾಮಿತ್ವ' ಎಂಬ ಯೋಜನೆ ಆರಂಭಿಸಿತು. ಹಳ್ಳಿಗಳ ಗ್ರಾಮಠಾಣಾ ಜಾಗದಲ್ಲಿರುವ ಮನೆಗಳಿಗೆ ಆಸ್ತಿ ಪತ್ರ ಕೊಡುವುದಕ್ಕಾಗಿ ಡ್ರೋನಿನಿಂದ ಅಳತೆ ಮಾಡುವುದು. ಮೊದಲ ಹಂತಕ್ಕೆ ಆಯ್ಕೆಯಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಅಲ್ಲಿ ಡ್ರೋನ್ ಏಕಾಏಕಿ ಬಂದು ಮನೆಗಳ ಮೇಲೆ ಹಾರುವುದಿಲ್ಲ. ಮೊದಲು ಗ್ರಾಮಸಭೆ ಕರೆದು ಜನಕ್ಕೆ ವಿಷಯ ತಿಳಿಸುತ್ತಾರೆ. ಆಮೇಲೆ ಸಿಬ್ಬಂದಿ ಮನೆಮನೆಗೆ ಬಂದು, ಮನೆಯವರು ತೋರಿಸಿದ ಗಡಿಯ ಉದ್ದಕ್ಕೂ ಸುಣ್ಣದ ಪುಡಿಯ ಗೆರೆ ಎಳೆಯುತ್ತಾರೆ, ಮೇಲಿನಿಂದ ತೆಗೆದ ಚಿತ್ರದಲ್ಲಿ ಅದು ಬೆಳ್ಳಗೆ ಕಾಣಲಿ ಎಂದು. ಇದು ನನ್ನ ಗೆರೆ, ಅದು ನಿನ್ನದು ಎಂದು ಅಕ್ಕಪಕ್ಕದವರು ವಾದ ಮಾಡುವುದೂ ಆಗಲೇ. ಡ್ರೋನ್ ಏಳುವುದು ಅದರ ನಂತರ. ಅಷ್ಟು ಹೊತ್ತಿಗೆ ಅದು ಏತಕ್ಕೆ ಬಂದಿದೆ, ಯಾರದ್ದು, ಏನು ತೆಗೆಯುತ್ತದೆ ಎಂದು ಊರಿಗೆಲ್ಲ ಗೊತ್ತಿರುತ್ತದೆ. ಅಂಗಳದಲ್ಲಿ ಕುಳಿತ ಅಜ್ಜಿ ಮುಸುಕು ಎಳೆದುಕೊಂಡು ಒಳಗೆ ಓಡಬೇಕಾಗಿಲ್ಲ.

ಹಳ್ಳಿಯಲ್ಲಿ ಆಗುವುದು ನಗರದ ಬಡಾವಣೆಯಲ್ಲಿ ಯಾಕಾಗಬಾರದು? ಗ್ರಾಮಸಭೆ ಬೇಡ, ಸುಣ್ಣವೂ ಬೇಡ. ಪ್ರತಿ ಬೀದಿಗೂ ಈಗ ಒಂದು ವಾಟ್ಸಾಪ್ ಗುಂಪು ಇದೆ. ಕಸದ ಗಾಡಿ ಬಾರದ್ದಕ್ಕೆ, ನೀರು ಬಿಡದ್ದಕ್ಕೆ, ಬೆಳಗಾದರೆ ಶುಭೋದಯಕ್ಕೆ ಅದು ಬಳಕೆಯಾಗುತ್ತದೆ. ಹಿಂದಿನ ದಿನ ಅದರಲ್ಲಿ ನಾಲ್ಕು ಸಾಲು ಹಾಕಿ: ನಾಳೆ ಬೆಳಿಗ್ಗೆ ಇಷ್ಟರಿಂದ ಇಷ್ಟರವರೆಗೆ, ಪಾರ್ಕಿನ ಪಕ್ಕದ ಮೈದಾನದಿಂದ, ಇಂಥ ಮನೆಯ ನಾನು ಡ್ರೋನ್ ಹಾರಿಸುತ್ತೇನೆ, ಮನೆಗಳ ಮೇಲೆ ನಿಲ್ಲಿಸುವುದಿಲ್ಲ, ತೊಂದರೆಯಾದರೆ ಫೋನು ಮಾಡಿ. ಪಕ್ಕದ ಎರಡು ಮನೆಗಳಿಗೆ ಹೋಗಿ ಬಾಯಲ್ಲೇ ಹೇಳಿ. ಇಬ್ಬರು ಬೇಡವೆನ್ನಬಹುದು. ಬೇಡವೆಂದರೆ ಅವರ ಮನೆಯ ದಿಕ್ಕಿಗೆ ಹೋಗಬೇಡಿ. ಮೂವರು ತಮ್ಮ ಮಕ್ಕಳನ್ನು ನೋಡಲು ಕಳಿಸುತ್ತಾರೆ. ಆ ಮಕ್ಕಳಿಗೆ ಪರದೆ ತೋರಿಸಿ. ಮೇಲಿನಿಂದ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂದು ಅವರೇ ಮನೆಗೆ ಹೋಗಿ ಹೇಳುತ್ತಾರೆ. ನಿಮ್ಮ ಮಾತಿಗಿಂತ ಅವರ ಮಾತಿಗೆ ಬೆಲೆ ಹೆಚ್ಚು.

ಹಾರಿಸುವಾಗಲೂ ರೀತಿ ಇದೆ. ಎರಡನೇ ಮಹಡಿಯ ಕಿಟಕಿಯ ಮಟ್ಟದಲ್ಲಿ ತೇಲಿಸಿಕೊಂಡು ನಿಲ್ಲುವುದಕ್ಕಿಂತ ಅಸಹ್ಯ ಇನ್ನೊಂದಿಲ್ಲ. ಎದ್ದ ಕೂಡಲೇ ನೇರ ಮೇಲೇರಿಸಿ, ಮನೆಗಳ ಸಾಲು ದಾಟಿಸಿ, ಕೆರೆಯ ಕಡೆಗೋ ಬಯಲಿನ ಕಡೆಗೋ ತಿರುಗಿಸಿ. ಮೇಲೆ ಹೋದಷ್ಟೂ ಸದ್ದೂ ಕಡಿಮೆ. ಏರಿಸುವಾಗ ಕ್ಯಾಮೆರಾದ ಮುಖ ದಿಗಂತದ ಕಡೆ ಇರಲಿ. ಜಾತ್ರೆ, ತೇರು, ಕರಗದಂಥ ಗುಂಪಿನ ಮೇಲೆ ಖಂಡಿತ ಬೇಡ. ತೇರಿನ ಕಳಶದ ಸುತ್ತ ಡ್ರೋನ್ ಸುತ್ತುವ ವಿಡಿಯೊಗಳು ಬಹಳ ಓಡಾಡುತ್ತವೆ, ನೋಡಲು ಚೆನ್ನಾಗಿಯೂ ಇರುತ್ತವೆ. ಒಂದು ರೆಕ್ಕೆ ಕಳಚಿದರೆ ಅದು ಬೀಳುವುದು ಹಗ್ಗ ಹಿಡಿದವರ ತಲೆಯ ಮೇಲೆ, ಮತ್ತು ಆ ನೂಕುನುಗ್ಗಲಿನಲ್ಲಿ ಯಾರೂ ಪಕ್ಕಕ್ಕೆ ಸರಿಯಲಾರರು.

ಕೆಳಗೆ ಇರುವವರಿಗೂ ಒಂದು ಮಾತು. ಕಲ್ಲು ಬೀರಬೇಡಿ. ಕವಣೆ, ಏರ್‌ಗನ್ ತೆಗೆಯಬೇಡಿ. ಇನ್ನೊಬ್ಬರ ಸ್ವತ್ತು ಹಾಳುಮಾಡಿದರೆ ನ್ಯಾಯ ಸಂಹಿತೆಯ 324ನೇ ಕಲಂ ನಿಮ್ಮ ಮೇಲೆಯೇ ತಿರುಗುತ್ತದೆ, ಜೊತೆಗೆ ಬ್ಯಾಟರಿ ಸಮೇತ ಬಿದ್ದ ಡ್ರೋನ್ ಯಾರ ಮೇಲೆ ಬಿತ್ತು ಎಂಬ ಪ್ರಶ್ನೆ ಬೇರೆ. ಹೊತ್ತು, ದಿಕ್ಕು ಗುರುತಿಟ್ಟುಕೊಳ್ಳಿ, ಸಾಧ್ಯವಾದರೆ ಫೋನಿನಲ್ಲಿ ಚಿತ್ರ ತೆಗೆಯಿರಿ, ಹಾರಿಸುವವರು ಹತ್ತಿರವೇ ಇರುತ್ತಾರೆ, ಹೋಗಿ ಕೇಳಿ. ಮಾತಿಗೆ ಬಗ್ಗದಿದ್ದರೆ 112. ಅಪಾರ್ಟ್‌ಮೆಂಟ್ ಸಂಘಗಳು ನೋಟಿಸ್ ಬೋರ್ಡಿನಲ್ಲಿ 'ಡ್ರೋನ್ ಸಂಪೂರ್ಣ ನಿಷೇಧ' ಎಂದು ಬರೆದು ಕೈ ತೊಳೆದುಕೊಳ್ಳುವುದನ್ನು ಕಾಣುತ್ತೇನೆ. ತಮ್ಮ ಆವರಣದಿಂದ ಏರಿಸಬಾರದು ಎನ್ನುವುದು ಅವರ ಹಕ್ಕು. ಆಕಾಶ ಅವರದಲ್ಲ, ಅದು ಕೇಂದ್ರ ಸರ್ಕಾರದ ಲೆಕ್ಕಕ್ಕೆ ಬರುತ್ತದೆ. ನಿಷೇಧದ ಬದಲು ಒಂದು ಜಾಗ, ಒಂದು ಹೊತ್ತು ಗೊತ್ತುಮಾಡಿ ಕೊಟ್ಟರೆ ಹುಡುಗರು ಕದ್ದು ಹಾರಿಸುವುದು ತಪ್ಪುತ್ತದೆ.

ಹವ್ಯಾಸವನ್ನು ಕಂಡರೆ ಉರಿದುಬೀಳುವವರಲ್ಲಿ ನಾನಿಲ್ಲ. ಹವ್ಯಾಸಿಗಳಿಲ್ಲದಿದ್ದರೆ ನಾನು ಈಗ ಬಾನುಲಿಯಲ್ಲಿ ನಿಮ್ಮೊಡನೆ ಹೀಗೆ ಮಾತಾಡುವುದೂ ಸಾಧ್ಯವಿರಲಿಲ್ಲ. ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುತ್ತಿದ್ದ ಡಾ. ಎಂ. ವಿ. ಗೋಪಾಲಸ್ವಾಮಿ 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ 30 ವಾಟ್‌ನ ಒಂದು ಪುಟ್ಟ ಯಂತ್ರ ಇಟ್ಟುಕೊಂಡು ಬಾನುಲಿ ಶುರುಮಾಡಿದರು. ಅದೂ ವಸತಿ ಬಡಾವಣೆಯ ಮೇಲೆ ಹರಡಿದ ಹವ್ಯಾಸವೇ. ಇವತ್ತು ಹ್ಯಾಮ್ ರೇಡಿಯೊ ಇಟ್ಟುಕೊಂಡವರು ಪರೀಕ್ಷೆ ಬರೆದು, ಪರವಾನಗಿ ಪಡೆದು, ತಮ್ಮ ಕರೆಗುರುತು ಹೇಳಿಯೇ ಮಾತು ಶುರುಮಾಡುತ್ತಾರೆ. ಅದನ್ನು ಅವರು ಹೊರೆ ಎಂದುಕೊಳ್ಳುವುದಿಲ್ಲ, ಹೆಮ್ಮೆ ಎಂದುಕೊಳ್ಳುತ್ತಾರೆ. ಡ್ರೋನ್ ಹಾರಿಸುವವರಲ್ಲೂ ಆ ಹೆಮ್ಮೆ ಬಂದರೆ ಒಳ್ಳೆಯದು.

ಕೊನೆಯದಾಗಿ, ಎಷ್ಟೇ ಎಚ್ಚರ ವಹಿಸಿದರೂ ಒಂದಲ್ಲ ಒಂದು ದಿನ ಡ್ರೋನ್ ಬೀಳುತ್ತದೆ. ಅದು ಇನ್ನೊಬ್ಬರ ಕಾಂಪೌಂಡಿನೊಳಗೆ ಬಿದ್ದರೆ ಗೋಡೆ ಹಾರಿ ಹೋಗಬೇಡಿ. ಗೇಟಿನ ಮುಂದೆ ನಿಂತು ಬೆಲ್ ಒತ್ತಿ. ಡ್ರೋನ್ ಕೊಡಿ ಎನ್ನುವ ಮೊದಲು ಯಾರಿಗೂ ಪೆಟ್ಟಾಗಿಲ್ಲ ತಾನೇ ಎಂದು ಕೇಳಿ. ಹೂವಿನ ಕುಂಡ ಒಡೆದಿದ್ದರೆ, ಹಂಚು ಬಿರಿದಿದ್ದರೆ ಅದರ ಹಣ ಅಲ್ಲೇ ಕೊಡಿ. ಉಬ್ಬಿದ ಬ್ಯಾಟರಿಯನ್ನು ಕೈಯಲ್ಲಿ ಹಿಸುಕದೆ, ಮನೆಯೊಳಗೂ ತರದೆ, ಬಯಲಿನಲ್ಲಿ ಮರಳಿನ ಮೇಲಿಡಿ. ಯಾರಿಗಾದರೂ ಗಾಯವಾಗಿದ್ದರೆ ಮೊದಲು ಆಸ್ಪತ್ರೆ, ಆಮೇಲೆ 48 ಗಂಟೆಯೊಳಗೆ ವಿಮಾನಯಾನದ ಮೇಲ್ವಿಚಾರಣೆ ನೋಡುವ ಡಿಜಿಸಿಎಗೆ ಆನ್‌ಲೈನಿನಲ್ಲಿ ವರದಿ ಸಲ್ಲಿಸಲೇಬೇಕು, ಅದು ಕಾನೂನು. ಮಗನಿಗೋ ಮಗಳಿಗೋ ಡ್ರೋನ್ ಕೊಡಿಸುವ ತಂದೆತಾಯಿಗಳು ರಿಮೋಟು ಅವರ ಕೈಗೆ ಕೊಡುವ ಮುನ್ನ ಇದಿಷ್ಟನ್ನು ಹೇಳಿಕೊಡಿ.